ಮಗಳಿಗೊಂದು ಪತ್ರ: ಭೂಸ್ವಾಧೀನದ ಮೊದಲ ಫೈಲು

ಮಂಗಳೂರು

ಪ್ರೀತಿಯ ಮಗಳೇ,

ನಿನ್ನ ಸೀನಿಯರ್ ಒಂದು ಭೂಸ್ವಾಧೀನದ ಫೈಲನ್ನು ಪೂರ್ತಿಯಾಗಿ ನಿನ್ನ ಕೈಗೆ ಒಪ್ಪಿಸಿದ್ದಾರೆಂದು ತಿಳಿದು ಸಂತೋಷವಾಯಿತು. ಉಡುಪಿಯ ಹತ್ತಿರ ಹೆದ್ದಾರಿ ಅಗಲೀಕರಣಕ್ಕೆ ಹೋಗಲಿರುವ ಆ ಜಾಗ, ಅದರಲ್ಲಿರುವ ಮಲ್ಲಿಗೆ ಗಿಡಗಳು, ತೆಂಗು, ಬಾವಿ, ಮುರಕಲ್ಲಿನ ಕಾಂಪೌಂಡು ಇವನ್ನೆಲ್ಲ ವಿವರಿಸಿ, ಕೊನೆಗೆ ಹೈಕೋರ್ಟಿನಲ್ಲಿ ರಿಟ್ ಹಾಕಿ ಸ್ವಾಧೀನವನ್ನೇ ರದ್ದು ಮಾಡಿಸಬಹುದೇ ಎಂದು ಕೇಳಿದ್ದೀಯೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಮೊದಲು ರಿಟ್‌ನ ಮಾತನ್ನೇ ಮುಗಿಸಿಬಿಡುತ್ತೇನೆ. ಸಂವಿಧಾನದ 44ನೇ ತಿದ್ದುಪಡಿಯ ನಂತರ ಆಸ್ತಿಯ ಹಕ್ಕು ಮೂಲಭೂತ ಹಕ್ಕಾಗಿ ಉಳಿದಿಲ್ಲ. 300ಎ ವಿಧಿಯ ಪ್ರಕಾರ ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿದುಕೊಳ್ಳಬಾರದು, ಅಷ್ಟೆ. ಹೆದ್ದಾರಿ ಸಾರ್ವಜನಿಕ ಉದ್ದೇಶವಲ್ಲವೆಂದು ವಾದಿಸಿ ಗೆಲ್ಲುವ ಸಾಧ್ಯತೆ ಇಲ್ಲವೆಂದೇ ತಿಳಿದುಕೋ. ಆದರೆ ಆ 'ಅಷ್ಟೆ' ಎಂಬುದರೊಳಗೆ ಸಾಕಷ್ಟು ಹುರುಳಿದೆ. ಕೋಲ್ಕತ್ತಾ ನಗರಪಾಲಿಕೆ ಮತ್ತು ಬಿಮಲ್ ಕುಮಾರ್ ಶಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2024ರಲ್ಲಿ ಇದೇ ವಿಧಿಯನ್ನು ಬಿಡಿಸಿ, ಅದರಲ್ಲಿ ಏಳು ಹಕ್ಕುಗಳಿವೆಯೆಂದು ಹೇಳಿತು: ನೋಟಿಸು ಪಡೆಯುವುದು, ಆಕ್ಷೇಪಣೆಯನ್ನು ಕೇಳಿಸಿಕೊಳ್ಳುವುದು, ಕಾರಣ ಸಹಿತವಾದ ತೀರ್ಮಾನ, ಸಾರ್ವಜನಿಕ ಉದ್ದೇಶ, ನ್ಯಾಯವಾದ ಪರಿಹಾರ, ವಿಳಂಬವಿಲ್ಲದ ಕ್ರಮ ಮತ್ತು ಪ್ರಕ್ರಿಯೆಯನ್ನು ಕೊನೆಮುಟ್ಟಿಸುವುದು. ಇವುಗಳಲ್ಲಿ ಯಾವುದಾದರೂ ತಪ್ಪಿದ್ದು ದಾಖಲೆಯಲ್ಲಿಯೇ ಕಾಣುವಂತಿದ್ದರೆ ರಿಟ್ ಬಗ್ಗೆ ಯೋಚಿಸು. ಇಲ್ಲವಾದರೆ ಕಕ್ಷಿದಾರರಿಗೆ ಮೊದಲ ಭೇಟಿಯಲ್ಲಿಯೇ ಸ್ಪಷ್ಟವಾಗಿ ಹೇಳು: ಜಾಗ ಹೋಗುತ್ತದೆ, ಎಷ್ಟು ಹೋಗುತ್ತದೆ, ಏನೇನು ಲೆಕ್ಕಕ್ಕೆ ಬರುತ್ತದೆ, ಎಷ್ಟು ಹಣ ಬರುತ್ತದೆ ಎಂಬುದರ ಮೇಲೆ ಮಾತ್ರ ನಮ್ಮ ಹೋರಾಟ. ಈ ಮಾತನ್ನು ಹೇಳಲು ಸಂಕೋಚಪಟ್ಟು ವರ್ಷಗಟ್ಟಲೆ ಆಸೆ ತೋರಿಸುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ಫೈಲು ತೆರೆದ ಕೂಡಲೇ ನೋಡಬೇಕಾದದ್ದು ಯಾವ ಕಾನೂನಿನಡಿ ಜಾಗ ತೆಗೆದುಕೊಳ್ಳುತ್ತಿದ್ದಾರೆ ಎಂಬುದನ್ನು. ನಾನು ವಕಾಲತ್ತಿಗೆ ಬಂದಾಗ ಇದ್ದ 1894ರ ಕಾಯ್ದೆಯ ಜಾಗಕ್ಕೆ 2013ರ ನ್ಯಾಯಯುತ ಪರಿಹಾರದ ಕಾಯ್ದೆ ಬಂದು, 2014ರ ಜನವರಿ 1ರಿಂದ ಜಾರಿಯಲ್ಲಿದೆ. ಕೈಗಾರಿಕೆಗೆ ತೆಗೆದುಕೊಂಡರೆ ಸಾಮಾನ್ಯವಾಗಿ 1966ರ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಾಯ್ದೆಯ 28ನೇ ಕಲಂ ಕಾಣಿಸುತ್ತದೆ. ನಿನ್ನದು ರಾಷ್ಟ್ರೀಯ ಹೆದ್ದಾರಿಯಾದ್ದರಿಂದ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಅನ್ವಯಿಸುತ್ತದೆ. ಪ್ರಕ್ರಿಯೆಯೆಲ್ಲ ಆ ಕಾಯ್ದೆಯದ್ದು, ಪರಿಹಾರದ ಲೆಕ್ಕ ಮಾತ್ರ 2015ರಿಂದ 2013ರ ಕಾಯ್ದೆಯದ್ದು. ಈ ಎರಡನ್ನು ಕಲಸಿಕೊಂಡು, 2013ರ ಕಾಯ್ದೆಯಲ್ಲಿ ಆಕ್ಷೇಪಣೆಗೆ 60 ದಿನವಿದೆಯಲ್ಲ ಎಂದು ನೆಮ್ಮದಿಯಾಗಿ ಕುಳಿತವರಿದ್ದಾರೆ. ಹೆದ್ದಾರಿ ಕಾಯ್ದೆಯ 3ಸಿ ಕಲಮಿನಲ್ಲಿ ಆಕ್ಷೇಪಣೆಗೆ, 3ಎ ಅಧಿಸೂಚನೆ (ಜಾಗ ತೆಗೆದುಕೊಳ್ಳುವ ಉದ್ದೇಶವನ್ನು ತಿಳಿಸುವ ಗೆಜೆಟ್ ಪ್ರಕಟಣೆ) ಪ್ರಕಟವಾದ ದಿನದಿಂದ ಇರುವುದು 21 ದಿನ ಮಾತ್ರ. ಆ 3ಎ ದಿನಾಂಕವನ್ನು ಫೈಲಿನ ಮುಖಪುಟದಲ್ಲಿಯೇ ಬರೆದಿಡು. ಜಾಗದ ಮಾರುಕಟ್ಟೆ ಮೌಲ್ಯವನ್ನು ನಿರ್ಧರಿಸುವುದೂ ಅದೇ ದಿನಾಂಕಕ್ಕೆ. ಅದರಿಂದ ಒಂದು ವರ್ಷದೊಳಗೆ ಸ್ವಾಧೀನದ 3ಡಿ ಘೋಷಣೆ ಬಾರದಿದ್ದರೆ ಅಧಿಸೂಚನೆ ಬಿದ್ದುಹೋಗುತ್ತದೆ. ಬಂದರೆ ಜಾಗ ಅಂದಿನಿಂದ ಕೇಂದ್ರ ಸರ್ಕಾರದ್ದು.

ಆಕ್ಷೇಪಣೆ ಬರೆಯುವಾಗ ಭಾವುಕ ಮಾತುಗಳಿಂದ ಪ್ರಯೋಜನವಿಲ್ಲ. ನಿನ್ನ ಕಕ್ಷಿದಾರರ ಜಾಗದ ಮೂಲೆಯಲ್ಲಿ ಕುಟುಂಬದ ನಾಗಬನವಿದೆಯೆಂದು ಬರೆದಿದ್ದೀಯೆ. ನಮ್ಮ ಕರಾವಳಿಯಲ್ಲಿ ಎಷ್ಟೋ ಮನೆಯವರು ಹಣ ಕಡಿಮೆಯಾದರೂ ಸಹಿಸಿಕೊಳ್ಳುತ್ತಾರೆ, ಬನ ಕದಲುವುದನ್ನು ಸಹಿಸುವುದಿಲ್ಲ. ಹಾಗಿರುವಾಗ "ನಮ್ಮ ನಂಬಿಕೆಗೆ ಧಕ್ಕೆಯಾಗುತ್ತದೆ" ಎಂಬ ಒಂದೇ ವಾಕ್ಯ ಬರೆದು ಬಿಡಬೇಡ. ಸರ್ವೆ ನಂಬರು, ಬನವು ರಸ್ತೆಯ ಮಧ್ಯರೇಖೆಯಿಂದ ಎಷ್ಟು ಮೀಟರ್ ದೂರದಲ್ಲಿದೆ, ಎದುರು ಬದಿಯಲ್ಲಿ ಖಾಲಿ ಜಾಗವಿದೆಯೇ, ಎಷ್ಟು ಸರಿಸಿದರೆ ಬನ ಉಳಿಯುತ್ತದೆ ಎಂಬುದನ್ನು ನಕ್ಷೆಯ ಸಮೇತ ಕೊಡು. ಹಾಗೆ ಕೊಟ್ಟದ್ದನ್ನು ಒಂದೇ ಸಾಲಿನಲ್ಲಿ ತಳ್ಳಿಹಾಕಿದರೆ, ಕಾರಣವಿಲ್ಲದ ತೀರ್ಮಾನವೆಂದು ಪ್ರಶ್ನಿಸಲು ನಿನಗೆ ಆಧಾರ ಸಿಗುತ್ತದೆ.

ಜಾಗದ ದಾಖಲೆಯ ವಿಷಯದಲ್ಲಿ ನಮ್ಮ ಎರಡು ಜಿಲ್ಲೆಗಳ ತೊಡಕುಗಳು ಬಯಲುಸೀಮೆಯವರಿಗೆ ಬೇಗ ಅರ್ಥವಾಗುವುದಿಲ್ಲ. ಪಹಣಿಯಲ್ಲಿ ಈಗಲೂ ತೀರಿಹೋದ ಅಜ್ಜನ ಹೆಸರಿರುತ್ತದೆ; ಹೆಣ್ಣಿನ ಕಡೆಯಿಂದ ಆಸ್ತಿ ಸಾಗುವ ಅಳಿಯಸಂತಾನದ ಕುಟುಂಬವಾದರೆ ಕವರಿನ (ಕುಟುಂಬದ ಕವಲಿನ) ಲೆಕ್ಕ ಬೇರೆ; ಕೆಲವೆಡೆ ಹಳೆಯ ಮೂಲಗೇಣಿ (ಶಾಶ್ವತ ಗೇಣಿ) ಪತ್ರವಿರುತ್ತದೆ; ಇನ್ನು ಕೆಲವೆಡೆ ಭೂ ನ್ಯಾಯಮಂಡಳಿಯ ಆದೇಶವಿದ್ದೂ ಮ್ಯುಟೇಶನ್ ಆಗಿರುವುದಿಲ್ಲ. ಪರಿಹಾರ ಪ್ರಕಟವಾದ ಮೇಲೆ ಪಾಲುದಾರರು ತಕರಾರು ಎತ್ತಿದರೆ 3ಎಚ್ ಕಲಮಿನಡಿ ವಿವಾದ ಸಿವಿಲ್ ಕೋರ್ಟಿಗೆ ಹೋಗುತ್ತದೆ ಮತ್ತು ಅದು ತೀರ್ಮಾನವಾಗುವವರೆಗೆ ಹಣ ಯಾರ ಕೈಗೂ ಬರುವುದಿಲ್ಲ. ಆದ್ದರಿಂದ ಮದುವೆಯಾಗಿ ಹೋದ ಅಕ್ಕತಂಗಿಯರನ್ನೂ ಸೇರಿಸಿ ವಂಶವೃಕ್ಷವನ್ನು ಈಗಲೇ ಬರೆಸಿಕೋ. ಅವರನ್ನು ಬಿಟ್ಟುಬಿಡೋಣವೆಂದು ಅಣ್ಣತಮ್ಮಂದಿರು ಹೇಳಿದರೆ ನೀನು ಒಪ್ಪಬೇಡ.

ಕುಮ್ಕಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ವರ್ಗ (ಪಟ್ಟಾ) ಜಾಗದ ಸುತ್ತ ನೂರು ಗಜದವರೆಗಿನ ಸರ್ಕಾರಿ ಜಾಗದಲ್ಲಿ ಕೃಷಿಗೆ ಬೇಕಾದ ಸೊಪ್ಪು ಮರಮಟ್ಟನ್ನು ಬಳಸುವ ಸವಲತ್ತು ಕುಮ್ಕಿದಾರನದ್ದು, ಮಾಲಿಕತ್ವ ಸರ್ಕಾರದ್ದು. ತಲೆತಲಾಂತರದಿಂದ ಬೇಲಿ ಹಾಕಿ ತೆಂಗು ಬೆಳೆಸಿದವರಿಗೆ ಇದನ್ನು ವಿವರಿಸುವುದು ಕಷ್ಟ. ನೆಲದ ಬೆಲೆ ಸಿಗುವುದೆಂದು ಮಾತು ಕೊಡದೆ, ಅಲ್ಲಿ ಅವರೇ ಬೆಳೆಸಿದ ಮರಗಳಿಗೆ, ತೋಡಿದ ಬಾವಿಗೆ ಪ್ರತ್ಯೇಕವಾಗಿ ಹಕ್ಕು ಮಂಡಿಸು.

ಈಗ ಬೆಲೆಯ ಲೆಕ್ಕಕ್ಕೆ ಬರುತ್ತೇನೆ. 2013ರ ಕಾಯ್ದೆಯ 26ನೇ ಕಲಮಿನ ಪ್ರಕಾರ ನೋಂದಣಿ ಇಲಾಖೆಯ ಮಾರ್ಗಸೂಚಿ ದರ ಒಂದು. ಹತ್ತಿರದ ಗ್ರಾಮದಲ್ಲಿ ಅಂಥದೇ ಜಾಗಗಳಿಗೆ ಹಿಂದಿನ 3 ವರ್ಷಗಳಲ್ಲಿ ಆದ ಕ್ರಯಪತ್ರಗಳ ಸರಾಸರಿ ಇನ್ನೊಂದು. ಇವುಗಳಲ್ಲಿ ಹೆಚ್ಚಿನದನ್ನು ತೆಗೆದುಕೊಳ್ಳಬೇಕು. ಸರಾಸರಿ ಎಂದರೆ ಎಲ್ಲ ಪತ್ರಗಳದ್ದಲ್ಲ, ಹೆಚ್ಚು ಬೆಲೆ ಕಾಣಿಸಿದ ಅರ್ಧದಷ್ಟು ಪತ್ರಗಳದ್ದು ಮಾತ್ರ. ಹಾಗಾಗಿ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಕುಳಿತು ಒಂದೊಂದೇ ಪತ್ರ ಹುಡುಕಿ ದೃಢೀಕೃತ ನಕಲು ತೆಗೆಯುವ ಕೆಲಸವನ್ನು ಗುಮಾಸ್ತರಿಗೆ ಬಿಡದೆ ನೀನೇ ಹೋಗಿ ಮಾಡು. ಅಂಗಡಿ ಕಟ್ಟಲೆಂದು ಮಾರಿದ ಐದು ಸೆಂಟ್ಸಿನ ಬೆಲೆಯನ್ನು ಒಂದು ಎಕರೆ ತೋಟಕ್ಕೆ ನೇರವಾಗಿ ಹಚ್ಚಲು ಹೋದರೆ ಎದುರು ಪಕ್ಷದವರು ಅಭಿವೃದ್ಧಿ ವೆಚ್ಚವೆಂದು ಕಡಿತ ಕೇಳುತ್ತಾರೆ. ಭೂಪರಿವರ್ತನೆ ಆಗಿದೆಯೇ, ರಸ್ತೆಗೆ ಮುಖವಿದೆಯೇ ಎಂಬುದನ್ನು ಪ್ರತಿ ಪತ್ರದ ಎದುರು ಗುರುತು ಮಾಡಿಕೋ. ಸ್ಟಾಂಪ್ ಶುಲ್ಕ ಉಳಿಸಲು ಕಡಿಮೆ ಬೆಲೆ ಬರೆಸಿದ ಊರಿನಲ್ಲಿ ನಿಜವಾದ ಬೆಲೆ ಯಾವ ಪತ್ರದಲ್ಲಿಯೂ ಇರುವುದಿಲ್ಲ, ಅದನ್ನು ಬಾಯಿಮಾತಿನಲ್ಲಿ ಸಾಬೀತುಪಡಿಸಲೂ ಆಗುವುದಿಲ್ಲ.

ಕಕ್ಷಿದಾರರು ತಪ್ಪದೆ ಹೇಳುವ ಒಂದು ಮಾತಿದೆ: ಪಕ್ಕದ ಊರಿನವರಿಗೆ ಸೆಂಟ್ಸಿಗೆ ಇಷ್ಟು ಲಕ್ಷ ಕೊಟ್ಟಿದ್ದಾರೆ, ನಮಗೂ ಅಷ್ಟು ಕೊಡಿಸಿ ಎಂದು. ಅದೇ 26ನೇ ಕಲಮಿನ ಮೂರನೆಯ ವಿವರಣೆಯನ್ನು ಓದು. ಈ ಕಾಯ್ದೆಯಡಿ ಅದೇ ಜಿಲ್ಲೆಯಲ್ಲಿ ಹಿಂದೆ ಸ್ವಾಧೀನಕ್ಕೆ ಕೊಟ್ಟ ಪರಿಹಾರದ ಬೆಲೆಯನ್ನು ಮಾರುಕಟ್ಟೆ ಮೌಲ್ಯ ನಿರ್ಧರಿಸುವಾಗ ಪರಿಗಣಿಸಬಾರದೆಂದು ಅದು ಹೇಳುತ್ತದೆ. ಪಕ್ಕದವರ ಐತೀರ್ಪಿನ (ಪರಿಹಾರ ನಿಗದಿಪಡಿಸಿದ ಆದೇಶ) ಮೇಲೆ ಇಡೀ ಕ್ಲೇಮನ್ನು ನಿಲ್ಲಿಸುವ ಅಭ್ಯಾಸ 1894ರ ಕಾಯ್ದೆಯ ಕಾಲದ್ದು.

ಮಾರುಕಟ್ಟೆ ಮೌಲ್ಯ 10 ಲಕ್ಷವೆಂದು ಇಟ್ಟುಕೊಳ್ಳೋಣ. ಗ್ರಾಮಾಂತರ ಪ್ರದೇಶಕ್ಕೆ ಸರ್ಕಾರ ಅಧಿಸೂಚಿಸಿದ ಗುಣಕ 1ರಿಂದ 2ರ ನಡುವೆ ಇರುತ್ತದೆ, 1.5 ಎಂದು ಹಿಡಿದರೆ 15 ಲಕ್ಷ. ಮರಗಿಡ, ಬಾವಿ, ಕಾಂಪೌಂಡಿಗೆ 3 ಲಕ್ಷ ಸೇರಿದರೆ 18. ಅದರ ಮೇಲೆ ಶೇಕಡ 100ರಷ್ಟು ಸೊಲೇಷಿಯಂ (ಒತ್ತಾಯದಿಂದ ಜಾಗ ಕಳೆದುಕೊಂಡದ್ದಕ್ಕೆ ಕೊಡುವ ಸಾಂತ್ವನ ಮೊತ್ತ) ಸೇರಿ 36 ಲಕ್ಷ. ಇದಲ್ಲದೆ ಮೂಲ ಮಾರುಕಟ್ಟೆ ಮೌಲ್ಯದ ಮೇಲೆ ವರ್ಷಕ್ಕೆ ಶೇಕಡ 12ರ ಹೆಚ್ಚುವರಿ ಮೊತ್ತವಿದೆ; ಅವಧಿ ಒಂದು ವರ್ಷವಾದರೆ 1.20 ಲಕ್ಷ. ಮರಗಿಡಗಳ ಮೌಲ್ಯಕ್ಕೂ ಸೊಲೇಷಿಯಂ ಇರುವುದರಿಂದ, ಪಟ್ಟಿಯಲ್ಲಿ ಬಿಟ್ಟುಹೋದ ಪ್ರತಿ ಮರದಿಂದಲೂ ಎರಡು ಪಟ್ಟು ನಷ್ಟವಾಗುತ್ತದೆ.

ಆ ಪಟ್ಟಿ ತಯಾರಾಗುವುದು ಜಂಟಿ ಅಳತೆಯ ದಿನ. ಆ ದಿನ ನೀನು ಜಾಗದಲ್ಲಿ ಇರಲೇಬೇಕು. ಸರ್ವೆಯರ್ ಹಿಡಿದ ಗಡಿ ಒಂದು ಗಜ ಆಚೀಚೆಯಾದರೂ ಬಾವಿ ಒಳಗೋ ಹೊರಗೋ ಆಗುತ್ತದೆ. ತೆಂಗು, ಅಡಿಕೆ, ಹಲಸು ಎಂದು ಬರೆದರೆ ಸಾಲದು. ಫಲ ಕೊಡುತ್ತಿದೆಯೇ, ಎಷ್ಟು ವರ್ಷದ್ದು ಎಂಬುದು ಮಹಜರಿನಲ್ಲಿ ಬರಬೇಕು. ಮಲ್ಲಿಗೆಯ ಕತೆ ಇನ್ನೂ ಸೂಕ್ಷ್ಮವಾದದ್ದು. ನೋಡುವವರಿಗೆ ಅದು ಅಂಗಳದ ಹೂವಿನ ಗಿಡ. ಆದರೆ ಶಂಕರಪುರದ ಸುತ್ತಮುತ್ತ ಎಷ್ಟೋ ಮನೆಗಳಿಗೆ ದಿನದ ಆದಾಯ ಬರುವುದೇ ಅದರಿಂದ. ಅಟ್ಟೆ, ಚೆಂಡಿನ ಲೆಕ್ಕದಲ್ಲಿ ಹೂ ಕೊಟ್ಟ ಚೀಟಿಗಳು, ಬ್ಯಾಂಕಿಗೆ ಬಂದ ಹಣ, ತೋಟಗಾರಿಕೆ ಇಲಾಖೆಯ ಮೌಲ್ಯಮಾಪನ ಇವನ್ನೆಲ್ಲ ಜೋಡಿಸಿದರೆ ಮಾತ್ರ ಆ ಗಿಡಕ್ಕೆ ನಿಜವಾದ ಬೆಲೆ ಬರುತ್ತದೆ. ಮಹಜರಿಗೆ ಸಹಿ ಹಾಕುವ ಮೊದಲು ಎಣಿಕೆಯಲ್ಲಿ ಭಿನ್ನಾಭಿಪ್ರಾಯವಿದ್ದರೆ ಅದನ್ನು ಅಲ್ಲಿಯೇ ಕೈಬರಹದಲ್ಲಿ ಬರೆಸು ಮತ್ತು ದಿನಾಂಕ ಕಾಣುವಂತೆ ಫೋಟೋ ತೆಗೆ. ಜೆಸಿಬಿ ಬಂದುಹೋದ ಮೇಲೆ ಹತ್ತು ಗಿಡವಿತ್ತೋ ನಲವತ್ತಿತ್ತೋ ಎಂದು ಹೇಳುವ ಸಾಕ್ಷಿ ಆ ಕಾಗದ ಒಂದೇ. ಉಳಿಯುವ ಜಾಗ ತುಂಡಾಗಿ ದಾರಿಯಿಲ್ಲದಂತಾದರೆ ಅದರ ನಷ್ಟವನ್ನೂ ಬೇರೆಯಾಗಿ ಕೇಳಬೇಕು.

ಪರಿಹಾರ ನಿಗದಿಪಡಿಸುವ ಸಕ್ಷಮ ಪ್ರಾಧಿಕಾರದ ಐತೀರ್ಪು ಕಡಿಮೆಯೆನಿಸಿದರೆ 3ಜಿ(5)ರಡಿ ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ ಹೋಗಬೇಕು; ಸಾಮಾನ್ಯವಾಗಿ ಅದು ಜಿಲ್ಲಾಧಿಕಾರಿಗಳೇ. ಹಣ ಪಡೆಯುವಾಗ ತಕರಾರಿನೊಂದಿಗೆ ಪಡೆದಿದ್ದೇನೆಂದು ರಸೀದಿಯಲ್ಲಿ ಬರೆಸುವುದನ್ನು ಮರೆಯಬೇಡ. 2013ರ ಕಾಯ್ದೆಯ ಸ್ವಾಧೀನಗಳಲ್ಲಂತೂ ಹಾಗೆ ಬರೆಯದೆ ಹಣ ಪಡೆದವರಿಗೆ ಹೆಚ್ಚಿನ ಪರಿಹಾರ ಕೇಳುವ 64ನೇ ಕಲಮಿನ ಉಲ್ಲೇಖದ ದಾರಿ ಮುಚ್ಚಿಹೋಗುತ್ತದೆ. ಮಧ್ಯಸ್ಥಗಾರರ ಕಲಾಪ ಕಚೇರಿಯ ಕೋಣೆಯಲ್ಲಿ, ಇತರ ಹತ್ತಾರು ಕೆಲಸಗಳ ನಡುವೆ ನಡೆಯುವುದರಿಂದ ಕೆಲವರು ಅದನ್ನು ಹಗುರವಾಗಿ ತೆಗೆದುಕೊಂಡು, ಮುಂದೆ ಜಿಲ್ಲಾ ನ್ಯಾಯಾಲಯದಲ್ಲಿ ನೋಡಿಕೊಳ್ಳೋಣ ಎನ್ನುತ್ತಾರೆ. ಅದು ಸಲ್ಲದು. ಮಧ್ಯಸ್ಥಗಾರರ ಐತೀರ್ಪನ್ನು ಪ್ರಶ್ನಿಸುವ, 1996ರ ಮಧ್ಯಸ್ಥಿಕೆ ಕಾಯ್ದೆಯ 34ನೇ ಕಲಮಿನಡಿ ನ್ಯಾಯಾಲಯ ಮೇಲ್ಮನವಿಯಂತೆ ಸಾಕ್ಷ್ಯವನ್ನು ಮತ್ತೆ ತೂಗುವುದಿಲ್ಲ. ಅಲ್ಲಿ ಐತೀರ್ಪನ್ನು ತಿದ್ದಿ ಬೆಲೆ ಏರಿಸಲಾಗದೆಂದು ಸುಪ್ರೀಂ ಕೋರ್ಟು 2021ರಲ್ಲಿ ಹಕೀಂ ಪ್ರಕರಣದಲ್ಲಿ ಹೇಳಿತು. 2025ರಲ್ಲಿ ಸಂವಿಧಾನ ಪೀಠ ಗಾಯತ್ರಿ ಬಾಲಸಾಮಿ ಪ್ರಕರಣದಲ್ಲಿ ತಿದ್ದುವ ಅಧಿಕಾರವನ್ನು ಒಪ್ಪಿದ್ದರೂ ಅದು ಸೀಮಿತವಾದದ್ದು. ಅಲ್ಲಿ ಅರ್ಜಿ ಹಾಕುವ ಅವಧಿಯೂ 3 ತಿಂಗಳು, ಸಾಕಷ್ಟು ಕಾರಣವಿದ್ದರೆ ಮತ್ತೆ 30 ದಿನ, ಅದರಾಚೆಗೆ ಒಂದು ದಿನವೂ ಇಲ್ಲ. ಹಾಗಾಗಿ ಕ್ರಯಪತ್ರಗಳ ನಕಲು, ಮಹಜರು, ಮೌಲ್ಯಮಾಪಕರ ವರದಿ ಎಲ್ಲವೂ ಮಧ್ಯಸ್ಥಗಾರರ ಮುಂದೆಯೇ ದಾಖಲಾಗಬೇಕು.

ಫೀಸಿನ ಬಗ್ಗೆ ಒಂದು ಮಾತು. ಬರುವ ಪರಿಹಾರದಲ್ಲಿ ಶೇಕಡ ಇಷ್ಟು ಎಂದು ಮಾತಾಡಿಕೊಳ್ಳುವುದನ್ನು ಈ ಪ್ರಕರಣಗಳಲ್ಲಿ ನೀನು ಕೇಳುತ್ತೀಯೆ, ಕಕ್ಷಿದಾರರೇ ಮುಂದಾಗಿ ಹೇಳಲೂಬಹುದು. ಫಲಿತಾಂಶದ ಮೇಲೆ ಫೀಸು ನಿಗದಿಪಡಿಸುವುದನ್ನೂ ಬಂದ ಮೊತ್ತದಲ್ಲಿ ಪಾಲು ಪಡೆಯುವುದನ್ನೂ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮಗಳು ನಿಷೇಧಿಸಿವೆ. ಹಂತಕ್ಕೆ ಇಷ್ಟು ಎಂದು ಮೊದಲೇ ಬರೆದು ತಿಳಿಸಿಬಿಡು.

ಭಾನುವಾರ ಮನೆಗೆ ಬರುವಾಗ 3ಎ ಅಧಿಸೂಚನೆಯ ಗೆಜೆಟ್ ಪ್ರತಿ, ಪಹಣಿ, ಸರ್ವೆ ನಕ್ಷೆ ಇಷ್ಟನ್ನು ತೆಗೆದುಕೊಂಡು ಬಾ. 21 ದಿನಗಳಲ್ಲಿ ಎಷ್ಟು ಉಳಿದಿದೆಯೆಂದು ನೋಡಿ, ಆಕ್ಷೇಪಣೆಯ ಕರಡನ್ನು ಅಂದೇ ಮುಗಿಸೋಣ.

ನಿನ್ನ
ಅಮ್ಮ