ಬರೀ ಸಿವಿಲ್ ಅಂದೆಯಲ್ಲ

ಡೊಂಬಿವಲಿ,
ಭಾನುವಾರ ಮಧ್ಯಾಹ್ನ

ಚಿ|| ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನ ಕಾಗದ ಬಂತು. ಫೋನಿನಲ್ಲಿ ಉದ್ದುದ್ದ ಓದೋಕೆ ನನ್ನ ಕಣ್ಣು ಒಪ್ಪಲ್ಲ ಅಂತ ನೆನಪಿಟ್ಟು ಕೈಯಲ್ಲೇ ಬರೆದಿದ್ದೀಯ, ಖುಷಿಯಾಯಿತು. ಮೂರೂವರೆ ಪುಟ ಹಾಸ್ಟೆಲ್ಲಿನ ಸಾರು, ರೂಮಿನ ಹುಡುಗಿಯ ಗೊರಕೆ, ಪುಣೆಯ ಚಳಿ. ಓದುತ್ತಾ ಒಬ್ಬಳೇ ನಗುತ್ತಿದ್ದೆ. ಕೊನೆಗೆ ಒಂದು ಸಾಲು ಹಾಗೇ ಸುಮ್ನೆ ಸೇರಿಸಿದ್ದೀಯ. ‘ಬರೀ ಸಿವಿಲ್ ಇಂಜಿನಿಯರಿಂಗ್ ಅಂದ್ರೆ ನನ್ನನ್ನ ಯಾರೂ ತಿರುಗಿಯೂ ನೋಡಲ್ಲ ದೊಡ್ಡಮ್ಮ, ಅದಕ್ಕೇ ಎಲ್ಲಾ ಸೇರಿಸ್ತಾ ಇದ್ದೀನಿ.’

ಅಲ್ಲಿಗೆ ನಗು ನಿಂತಿತು. ಮೂರು ದಿನದಿಂದ ಆ ಸಾಲೇ ತಲೆಯಲ್ಲಿ ಓಡುತ್ತಿದೆ. ಮನೆ ಸಮಾಚಾರವೆಲ್ಲ ನಿನ್ನಮ್ಮನಿಗೆ ಫೋನಲ್ಲಿ ಹೇಳಿದ್ದೇನೆ, ಇಲ್ಲಿ ಮತ್ತೆ ಬರೆಯಲ್ಲ. ಈ ಒಂದು ಮಾತಿಗೇ ಕೂತಿದ್ದೇನೆ.

‘ಎಲ್ಲಾ’ ಅಂದರೆ ಏನು ಅಂತ ನೀನೇ ಪಟ್ಟಿ ಕೊಟ್ಟಿದ್ದೀಯ. ಡೇಟಾ ಸೈನ್ಸಿನಲ್ಲಿ ಇನ್ನೊಂದು ಮೈನರ್, ಅಂದರೆ ಡಿಗ್ರಿ ಜೊತೆಗೆ ಓದುವ ಉಪವಿಷಯ. ಸರ್ಕಾರದ ಆನ್‌ಲೈನ್ ಪಾಠದ ತಾಣ ‘ಸ್ವಯಂ’ನಲ್ಲಿ ಮೂರು ಕೋರ್ಸು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟು. ಡ್ರೋನ್ ಹಾರಿಸೋದು. ನನಗೆ ಅರ್ಧ ತಿಳಿಯಲಿಲ್ಲ. ಮೇಲಿನ ಮನೆಯ ಹುಡುಗ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ, ಅವನನ್ನು ಕರೆದು ಟೀ ಕೊಟ್ಟು ಕೂರಿಸಿ ಕೇಳಿದೆ. ಹೊಸ ಶಿಕ್ಷಣ ನೀತಿ ಬಂದ ಮೇಲೆ ಮಹಾರಾಷ್ಟ್ರದಲ್ಲಿ ಬಿ.ಟೆಕ್ಕಿನ 160ರಿಂದ 176 ಕ್ರೆಡಿಟ್ ಒಳಗೇ ಬೇರೆ ವಿಭಾಗದ ಒಂದು ಮೈನರ್ ಇರುತ್ತದಂತೆ. ಅಂದರೆ ನಿನ್ನ ಡಿಗ್ರಿ ಈಗಲೇ ‘ಬರೀ’ ಅಲ್ಲ! ಅದರ ಮೇಲೆ ಎರಡನೇ ಮೈನರ್ ಬೇಕು ಅಂದರೆ ಇನ್ನೂ 18ರಿಂದ 20 ಕ್ರೆಡಿಟ್. ಒಂದು ಕ್ರೆಡಿಟ್ಟಿಗೆ ಸೆಮಿಸ್ಟರಿನಲ್ಲಿ ಸುಮಾರು 15 ಗಂಟೆ ಪಾಠ. ಹಾಲಿನ ಬಿಲ್ಲಿನ ಹಿಂದೆ ಗುಣಿಸಿದೆ. 18 ಅಂದರೂ 270 ಗಂಟೆ. ಓದೋದು, ಬರೆಯೋದು, ನಿದ್ದೆ ಕೆಡೋದು ಬೇರೆ. ಸ್ವಯಂ ಕೋರ್ಸು ಪುಕ್ಕಟೆ, ಪರೀಕ್ಷೆಗೆ ಮಾತ್ರ ಫೀಸು ಅಂದ. ಅದರಲ್ಲಿ ಐಐಟಿಗಳು ಸೇರಿ ನಡೆಸುವ ಎನ್‌ಪಿಟಿಇಎಲ್‌ನವರ ಕೋರ್ಸಾದರೆ ವಾರವಾರದ ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75. ಅಸೈನ್‌ಮೆಂಟನ್ನು ಹುಡುಗರು ಒಬ್ಬರದ್ದು ಒಬ್ಬರು ನೋಡಿ ಒತ್ತುತ್ತಾರೆ ಆಂಟಿ, ಪರೀಕ್ಷಾ ಹಾಲ್‌ನಲ್ಲಿ ಬಣ್ಣ ಬಯಲಾಗುತ್ತದೆ ಅಂತ ನಕ್ಕ. ನೀನು ಹಾಗೆ ಮಾಡುವವಳಲ್ಲ ಬಿಡು.

ಆದರೆ ನನ್ನ ಸಂಕಟ ಗಂಟೆಗಳದ್ದಲ್ಲ. ಆ ‘ಬರೀ’ ಅನ್ನೋದರದ್ದು.

ನಮ್ಮಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿ ಬೆಳೆದಿದ್ದೇವೆ ನೋಡು. ಬರಿಗೈಯಲ್ಲಿ ನೆಂಟರ ಮನೆಗೆ ಹೋಗಬಾರದು. ಬರೀ ಹಣೆಯಲ್ಲಿ ಬಾಗಿಲಿಗೆ ಬರಬಾರದು. ಬಳೆ ತೆಗೆದಿಟ್ಟು ಪಾತ್ರೆ ತಿಕ್ಕುತ್ತಿದ್ದರೆ ನಿನ್ನಜ್ಜಿ ‘ಏನೇ ಇದು ಬರೀ ಕೈ’ ಅಂತ ಗದರುತ್ತಿದ್ದಳು. ಈಗ ಡಿಗ್ರಿಗೂ ಬಳೆ ತೊಡಿಸಬೇಕು ಅಂತಾಗಿದೆ. ಒಂದು ಕೈಗೆ ಎಷ್ಟು ಬಳೆ ಅಂತ ಯಾರೂ ಹೇಳಲ್ಲ. ಪಕ್ಕದವಳ ಕೈ ನೋಡಿ ತೊಡೋದು.

ನಾನೂ ತೊಟ್ಟವಳೇ. ಏಳು.

1984ರಲ್ಲಿ ಕುಮಟೆಯಿಂದ ಬಂದಾಗ ನನ್ನ ಹತ್ತಿರ ಇದ್ದದ್ದು ಐಟಿಐನ ಡ್ರಾಫ್ಟ್ಸ್‌ಮನ್ ಕಾಗದ ಒಂದೇ. ಮುಂಬಯಿಯ ಫೋರ್ಟಿನ ಒಂದು ಆಫೀಸಿನಲ್ಲಿ ಟ್ರೇಸರ್ ಕೆಲಸ. ಇಂಜಿನಿಯರುಗಳು ಪೆನ್ಸಿಲ್ಲಿನಲ್ಲಿ ಬಿಡಿಸಿದ್ದನ್ನು ನಾವು ಎಂಟು ಜನ ಟ್ರೇಸಿಂಗ್ ಪೇಪರಿನ ಮೇಲೆ ಇಂಕಿನಲ್ಲಿ ತೀಡಬೇಕು. ರಾಟ್ರಿಂಗ್ ಪೆನ್ನು, 0.2ರ ನಿಬ್ಬು. ಒಂದು ಗೆರೆ ತಪ್ಪಿದರೆ ಅರ್ಧ ಮುರಿದ ಬ್ಲೇಡಿನಲ್ಲಿ ಉಸಿರು ಬಿಗಿಹಿಡಿದು ಕೆರೆಯೋದು. ಕೆರೆದ ಜಾಗವನ್ನು ಉಗುರಿನಲ್ಲಿ ಉಜ್ಜಿ ನುಣುಪು ಮಾಡಬೇಕು, ಇಲ್ಲದಿದ್ದರೆ ಮತ್ತೆ ಹಾಕಿದ ಇಂಕು ಹರಡುತ್ತೆ. ಈಗಲೂ ನನ್ನ ಬಲಗೈ ಹೆಬ್ಬೆರಳಿನ ಉಗುರು ಒಂದು ಕಡೆ ಚಪ್ಪಟೆ. ಆಮೇಲೆ ಅಮೋನಿಯಾ ಮೆಷಿನ್ನಿನಲ್ಲಿ ಪ್ರಿಂಟು. ಆ ವಾಸನೆಗೆ ಕಣ್ಣಲ್ಲಿ ನೀರು.

ಕೆಲಸ ನನಗೆ ಇಷ್ಟವೇ ಇತ್ತು. ಆದರೆ ನಿನ್ನ ದೊಡ್ಡಪ್ಪನ ಕಡೆಯವರೊಬ್ಬರು ಮದುವೆ ಮನೆಯಲ್ಲಿ ‘ಬರೀ ಟ್ರೇಸರ್ರಾ?’ ಅಂದರು. ಅಷ್ಟೇ. ಅವರು ಹೋಳಿಗೆ ತಿಂದು ಮರೆತರು, ನಾನು ಹತ್ತು ವರ್ಷ ಮರೆಯಲಿಲ್ಲ. ಇಂಗ್ಲಿಷ್ ಟೈಪಿಂಗ್ ನಿಮಿಷಕ್ಕೆ 30 ಪದದ್ದು, ಆಮೇಲೆ 40ರದ್ದು. ಮರಾಠಿ ಟೈಪಿಂಗ್. ಶಾರ್ಟ್‌ಹ್ಯಾಂಡ್ 80. ಲೋಕಲ್ಲಿನಲ್ಲಿ ನಿಂತು ಬೆರಳಿನಿಂದ ತೊಡೆಯ ಮೇಲೆ ಶಾರ್ಟ್‌ಹ್ಯಾಂಡಿನ ಗೀಟು ಹಾಕುತ್ತಿದ್ದೆ, ಎದುರಿನವರು ಹುಚ್ಚಿ ಅಂದುಕೊಂಡಿರಬೇಕು. ನಿನ್ನಮ್ಮ ಮೊದಲ ಸಲ ಮುಂಬಯಿಗೆ ಬಂದಾಗ ನಾನು ಬರೀ ಕ್ಲಾಸು ಅಂತ ಓಡಾಡಿದ ಆ ಹತ್ತು ದಿನದ ಕಥೆ ನಿನಗೆ ಗೊತ್ತು. ಅವಳು ಹೇಳೋದೆಲ್ಲ ನಿಜ. ಒಂದೇ ಒಂದು ಕ್ಲಾಸು ತಪ್ಪಿಸಿ ಅವಳನ್ನು ಸಮುದ್ರಕ್ಕೆ ಕರೆದುಕೊಂಡು ಹೋಗಬಹುದಿತ್ತು.

ಅದಕ್ಕಿಂತ ಇನ್ನೊಂದು ಚುಚ್ಚುತ್ತದೆ. ಇದನ್ನು ಅವಳಿಗೂ ಹೇಳಿಲ್ಲ.

ಆಫೀಸಿನಲ್ಲಿ ಒಬ್ಬರು ಹಿರಿಯ ಇಂಜಿನಿಯರು ಇದ್ದರು, ಪಾರ್ಸಿ. ಶನಿವಾರ ಅರ್ಧ ದಿನ ಮುಗಿಸಿ ವಾಶಿಯ ಸೈಟಿಗೆ ಹೋಗುತ್ತಿದ್ದರು. ‘ಬರ್ತೀಯಾ? ನೀನು ತೀಡಿದ್ದು ಹೇಗೆ ಎದ್ದು ನಿಲ್ಲುತ್ತೆ ನೋಡುವಿಯಂತೆ’ ಅಂತ ಹಿಂದಿಯಲ್ಲಿ ಕೇಳಿದರು. ಕ್ಲಾಸಿದೆ ಅಂದೆ. ಮತ್ತೊಂದು ಶನಿವಾರ ಕೇಳಿದರು. ಕ್ಲಾಸಿದೆ. ಮೂರು ಸಲ ಕೇಳಿದರು ಪುಟ್ಟಿ. ನಾಲ್ಕನೇ ಸಲ ಕೇಳಲಿಲ್ಲ.

ಆಮೇಲೆ 1993ರ ಸೆಪ್ಟೆಂಬರ್ 30, ಗಣಪತಿ ಬಿಟ್ಟ ರಾತ್ರಿ ಕಳೆದು ಬೆಳಗಿನ ಜಾವ ಲಾತೂರಿನ ಕಡೆ ಕಿಲ್ಲಾರಿಯ ಭೂಕಂಪ. ಅಲ್ಲಿ ಬಿದ್ದದ್ದು ಹೆಚ್ಚಾಗಿ ಕಲ್ಲು-ಮಣ್ಣಿನ ಮನೆಗಳು, ನಮ್ಮ ಕಾಂಕ್ರೀಟಿನವಲ್ಲ. ಆದರೂ ಆ ಪಾರ್ಸಿ ಮುದುಕರು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಭೂಕಂಪ ತಡೆಯುವ ಹಾಗೆ ಕಾಂಕ್ರೀಟಿನೊಳಗೆ ಸರಳು ಹೇಗೆ ಕೂರಿಸಬೇಕು ಅಂತ ಹೇಳುವ ಮಾನಕ, ಐ.ಎಸ್. 13920, ಅದೇ ವರ್ಷ ಬಂದಿತ್ತು. ಇನ್ನು ಮೇಲೆ ಕಾಲಮ್ಮಿನ, ಅಂದರೆ ಕಂಬದ, ಉದ್ದ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗಿನ ಕೊಕ್ಕೆ ಎಲ್ಲಾ 135 ಡಿಗ್ರಿ, ತುದಿ 75 ಮಿ.ಮೀ.ಗೆ ಕಮ್ಮಿ ಇಲ್ಲದ ಹಾಗೆ ಒಳಗೆ ಹೋಗಬೇಕು ಅಂತ ನಾವು ಎಂಟೂ ಜನರ ಟೇಬಲ್ಲಿಗೆ ಬಂದು ಹೇಳಿದರು. ಒಂಬತ್ತು ವರ್ಷದಿಂದ ನಾನು 90 ಡಿಗ್ರಿಗೆ ಒಂದು ಪುಟ್ಟ ಮೂಲೆ ಹಾಕಿ ಮುಂದೆ ಹೋಗುತ್ತಿದ್ದೆ. ಅವತ್ತು ಮೊದಲ ಸಲ ‘ಯಾಕೆ ಸರ್?’ ಅಂದೆ.

ಅವರು ನನ್ನ ಡಬ್ಬದಿಂದ ಏಳೆಂಟು ಪೆನ್ಸಿಲ್ ತೆಗೆದು ಕಟ್ಟು ಮಾಡಿದರು. ಸುತ್ತ ಒಂದು ತಂತಿ ಬಿಗಿದು ತುದಿಯನ್ನು ಮೂಲೆಯಲ್ಲಿ ಮಡಿಸಿಟ್ಟರು. ಮೇಲೆ ಒದ್ದೆ ಕಾಗದ ಸುತ್ತಿದರು. ಇದು ಹೊರಗಿನ ಕಾಂಕ್ರೀಟು ಅಂದರು. ಭೂಮಿ ಅಲುಗಿದಾಗ ಮೊದಲು ಉದುರೋದು ಇದೇ ಅಂತ ಕಾಗದ ಕಿತ್ತರು. ಆಮೇಲೆ ಪೆನ್ಸಿಲ್ ಕಟ್ಟನ್ನು ಟೇಬಲ್ಲಿಗೆ ಒತ್ತಿದರು. ಮಡಿಸಿದ ತುದಿ ನಿಧಾನಕ್ಕೆ ಬಿಚ್ಚಿಕೊಂಡಿತು, ಪೆನ್ಸಿಲ್ಲೆಲ್ಲ ಚೆಲ್ಲಾಪಿಲ್ಲಿ. ಮತ್ತೆ ಕಟ್ಟಿದರು. ಈ ಸಲ ತುದಿಯನ್ನು ಇನ್ನೂ ಬಾಗಿಸಿ ಪೆನ್ಸಿಲ್ಲುಗಳ ನಡುವೆ ತೂರಿಸಿದರು. ಕಾಗದ ಕಿತ್ತರು. ಒತ್ತಿದರು. ಬಿಚ್ಚಲಿಲ್ಲ. ‘ನೀನು ಒತ್ತು’ ಅಂದರು. ನಾನೂ ಒತ್ತಿದೆ. ಬಿಚ್ಚಲಿಲ್ಲ.

ಆ ಹೊತ್ತಿನಲ್ಲಿ ನನಗೆ ‘ಬರೀ ಟ್ರೇಸರ್’ ಅನ್ನೋದು ನೆನಪೇ ಆಗಲಿಲ್ಲ. ಎಷ್ಟು ವರ್ಷಕ್ಕೆ ಅಂತೀಯ!

ಇದನ್ನು ಕೇಳಿ ದೊಡ್ಡಮ್ಮ ಸರ್ಟಿಫಿಕೇಟು ಬೇಡ ಅನ್ನುತ್ತಿದ್ದಾಳೆ ಅಂದುಕೊಳ್ಳಬೇಡ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಅದರ ಮುಂದಿನ ವರ್ಷ ನಾನು ಆಟೋಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಬಿಡಿಸೋದು, ಕಲಿತೆ. ಆಮೇಲೆ ಎಂಟು ಜನ ಟ್ರೇಸರುಗಳಲ್ಲಿ ಇಬ್ಬರನ್ನೇ ಉಳಿಸಿಕೊಂಡರು. ಅದರಲ್ಲಿ ನಾನೊಬ್ಬಳು. ಆ ಒಂದು ಕಾಗದ ನನಗೆ ಇಪ್ಪತ್ತು ವರ್ಷ ಅನ್ನ ಹಾಕಿತು. ಆದರೆ ಆಟೋಕ್ಯಾಡ್ ಸರ್ಟಿಫಿಕೇಟು ಐದು ಜನರ ಹತ್ತಿರ ಇತ್ತು. ನನ್ನನ್ನೇ ಯಾಕೆ ಉಳಿಸಿಕೊಂಡರು? ಡ್ರಾಯಿಂಗಿನಲ್ಲಿ ತಪ್ಪಿದ್ದರೆ ಹೋಗಿ ಕೇಳುವ ಅಭ್ಯಾಸ ನನಗೆ ಆಗಿತ್ತು, ಅದಕ್ಕಿರಬಹುದು ಅಂತ ನನ್ನ ಮನಸ್ಸಿಗೆ ಹಿತವಾಗಿ ಅಂದುಕೊಂಡಿದ್ದೇನೆ. ನನ್ನ ಸಂಬಳ ಕಮ್ಮಿ ಇತ್ತು ಅಂತಲೂ ಇರಬಹುದು.

ನಗು ಬರೋದು ಏನು ಗೊತ್ತಾ? ಕೆಲಸ ಉಳಿದ ಮೇಲೂ ಭಯ ಹೋಗಲಿಲ್ಲ. ಅಂಚೆಯಲ್ಲಿ ಇಂಟೀರಿಯರ್ ಡೆಕೊರೇಶನ್ ಕೋರ್ಸು ಕಟ್ಟಿದೆ. ಏಳನೆಯದು. ಅದರಿಂದ ನಮ್ಮ ಮನೆಯ ಒಂದು ಕುರ್ಚಿಯೂ ಜಾಗ ಬದಲಾಯಿಸಲಿಲ್ಲ. ಅದಕ್ಕೇ ನಿನ್ನ ಸಾಲು ಓದಿ ಹೆದರಿದ್ದು. ನಿನ್ನ ಪಟ್ಟಿಗೆ ಹೆದರಲಿಲ್ಲ, ಪಟ್ಟಿ ಮುಗಿದ ಮೇಲೂ ಆ ‘ಬರೀ’ ಅಲ್ಲೇ ಕೂತಿರುತ್ತದೇನೋ ಅಂತ ಹೆದರಿದೆ.

ಈಗ ನೀನು ‘ಹಾಗಾದ್ರೆ ನಾನೇನು ಮಾಡ್ಲಿ’ ಅಂತೀಯ. ನನಗೂ ಪೂರ್ತಿ ಗೊತ್ತಿಲ್ಲಮ್ಮ. ನಾಲ್ಕು ಕಂಪನಿ ನೋಡಿದವಳೂ ಅಲ್ಲ ನಾನು. ತಲೆಗೆ ಬಂದದ್ದು ಬರೆಯುತ್ತೇನೆ, ಬೇಡವಾದರೆ ಬಿಡು.

ಡೇಟಾ ಸೈನ್ಸ್ ನಿಜವಾಗಲೂ ಇಷ್ಟವೇ, ಅಥವಾ ಎಲ್ಲರೂ ತಗೊಳ್ಳುತ್ತಾರೆ ಅಂತಲೇ? ಇಷ್ಟ ಅನ್ನುವುದಾದರೆ ಸಿವಿಲ್ಲಿನ ಯಾವ ಪ್ರಶ್ನೆಗೆ ಅದನ್ನು ಹಚ್ಚುತ್ತೀಯ ಅಂತ ಒಂದು ಸಲ ಯೋಚಿಸು. ಮೇಲಿನ ಮನೆ ಹುಡುಗ ಮಳೆ ಲೆಕ್ಕದ ಉದಾಹರಣೆ ಕೊಟ್ಟ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿಯಿತು. ಮುಂಬಯಿಯ ಹಳೇ ಚರಂಡಿಗಳು ಗಂಟೆಗೆ 25 ಮಿ.ಮೀ. ಲೆಕ್ಕದಲ್ಲಿ ಕಟ್ಟಿದವು. ಮುಂದಿನ ಚರಂಡಿ ಎಷ್ಟಕ್ಕೆ ಕಟ್ಟಬೇಕು ಅಂತ ಹಳೆಯ ಮಳೆ ಅಂಕಿಗಳಿಂದ ತೆಗೆಯೋದು ಹೇಗೆ? ಹೀಗೆ ಕೇಳಿದಾಗ ನನಗೂ ಆ ಮೈನರ್ ಅರ್ಥವಾಯಿತು. ಆ ರಾತ್ರಿ ಕುರ್ಲಾದಿಂದ ಸೊಂಟದ ಮಟ್ಟದ ನೀರಿನಲ್ಲಿ ನಡೆದವಳು ನಾನು, ಅಂಥ ಮೈನರ್ ಬೇಡ ಅನ್ನುವುದಿಲ್ಲ.

ನಡುವೆ ಬಿಟ್ಟರೆ ಏನಾಗುತ್ತೆ ಅಂತ ಸೇರುವ ಮುಂಚೆಯೇ ಆಫೀಸಿನಲ್ಲಿ ಕೇಳಿಕೋ. ಮುಗಿಸಿದ ಸಬ್ಜೆಕ್ಟು ಮಾರ್ಕ್ಸ್‌ಕಾರ್ಡಿನಲ್ಲಿ ಉಳಿಯುತ್ತೋ, ನಪಾಸಾದರೆ ಮೇನ್ ಡಿಗ್ರಿಗೆ ತೊಂದರೆಯೋ. ಬಾಯಲ್ಲಿ ಹೇಳಿದ್ದು ನಂಬಬೇಡ, ನಿಯಮ ತೋರಿಸಿ ಅನ್ನು. ಸ್ವಯಂನ ಮೂರರಲ್ಲಿ ಯಾವುದಾದರೂ ಡಿಗ್ರಿಯ ಕ್ರೆಡಿಟ್ಟಿಗೇ ಸೇರಬಹುದು, ಅದನ್ನೂ ಮೊದಲೇ ಕೇಳು. ಸೇರುವುದಾದರೆ ಹೆಚ್ಚಿನ ಹೊರೆ ಅಷ್ಟು ಕಮ್ಮಿ ಅಲ್ವಾ. ಡ್ರೋನ್ ಬಗ್ಗೆ ನನಗೆ ಏನೂ ಹೇಳೋಕೆ ಬರಲ್ಲ. ಹಾರಿಸೋಕೆ ಮಜಾ ಅನ್ನಿಸಿದರೆ ಹಾರಿಸು, ಸರ್ಟಿಫಿಕೇಟಿನ ನೆಪ ಯಾಕೆ.

ಮತ್ತೆ ಶನಿವಾರ. ಒಂದು ಶನಿವಾರವಾದರೂ ಖಾಲಿ ಇಟ್ಟುಕೋ. ಯಾರಾದರೂ ‘ಸೈಟಿಗೆ ಬರ್ತೀಯಾ’ ಅಂತ ಕೇಳಿಯಾರು.

ಆ ಪಾರ್ಸಿ ಮುದುಕರು ನಿವೃತ್ತರಾಗಿ ಹೋದರು. ವಾಶಿಗೆ ಆಮೇಲೆ ಹೋಗಿದ್ದೇನೆ, ಮದುವೆಗೆ, ಡಾಕ್ಟರ ಹತ್ತಿರ. ನಾನು ತೀಡಿದ ಬಿಲ್ಡಿಂಗು ಯಾವುದು ಅಂತ ಗೊತ್ತಾಗಲಿಲ್ಲ. ಬಣ್ಣ ಬಳಿದ ಮೇಲೆ ಎಲ್ಲಾ ಒಂದೇ ಥರ. ನಾನು ಬಿಡಿಸಿದ ಒಂದು ಕಾಲಮ್ಮನ್ನೂ ಕಾಂಕ್ರೀಟ್ ಹಾಕುವ ಮುಂಚೆ ನೋಡಿದವಳಲ್ಲ.

ಈಗ ನಮ್ಮ ಹಿಂದಿನ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುತ್ತಿದ್ದಾರೆ. ಬೆಳಿಗ್ಗೆ ಬಟ್ಟೆ ಒಣಹಾಕುವಾಗ ಬಾಲ್ಕನಿಯಿಂದ ಕಾಣುತ್ತೆ, ಹುಡುಗರು ಕೂತು ಸರಳು ಬಗ್ಗಿಸುತ್ತಿರುತ್ತಾರೆ. ಕೊಕ್ಕೆ 90ರದ್ದೋ 135ರದ್ದೋ ಅಂತ ನನ್ನ ಕಣ್ಣಿಗೆ ಗೊತ್ತಾಗುತ್ತಿಲ್ಲ. 90ರದ್ದೇ ಅನ್ನಿಸುತ್ತಿದೆ, ನಿದ್ದೆ ಬರುತ್ತಿಲ್ಲ. ಒಬ್ಬಳೇ ಹೋಗಿ ಕೇಳಿದರೆ ಆ ವಾಚ್‌ಮನ್ ಒಳಗೆ ಬಿಡಲ್ಲ. ಮುಂದಿನ ಶನಿವಾರ ಪುಣೆಯಿಂದ ರೈಲು ಹತ್ತು, ಕಲ್ಯಾಣದಲ್ಲಿ ಇಳಿದು ಲೋಕಲ್ ಹಿಡಿ. ಕಾಲೇಜಿನ ಐಡಿ ಕಾರ್ಡು ಮರೆಯಬೇಡ, ಸಿವಿಲ್ ಸ್ಟೂಡೆಂಟು ಅಂದರೆ ಬಿಡುತ್ತಾರೆ. ಅದರ ಮರುವಾರ ಕಾಂಕ್ರೀಟ್ ಹಾಕುತ್ತಾರಂತೆ, ಅಷ್ಟರೊಳಗೆ ಬಾ.

ನಿನ್ನ ದೊಡ್ಡಮ್ಮ