ಹುಟ್ಟುಹಬ್ಬದ ಪಾರ್ಟಿಗಳ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಬರ್ಗರ್, ಪಿಜ್ಜಾ ಹೋಟೆಲುಗಳಲ್ಲಿ ನಡೆಯುವ ಹುಟ್ಟುಹಬ್ಬದ ಪಾರ್ಟಿಗಳಿಗೆ ಮಕ್ಕಳು ಹೋಗದಂತೆ ಶಾಲೆಯೇ ತಡೆಯಬೇಕೆಂದು ಕಳೆದ ಪೋಷಕರ ಸಭೆಯಲ್ಲಿ ಕೆಲವರು ಕೇಳಿದಿರಿ. ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸುಗಳನ್ನು ಶಾಲೆಯೊಳಗೆ ಹಾಗೂ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವಿದೆ. ಅದನ್ನು ನಾವು ಪಾಲಿಸುತ್ತೇವೆ. ಭಾನುವಾರ ಸಂಜೆ ನಿಮ್ಮ ಮಗು ಎಲ್ಲಿ ಏನು ತಿನ್ನಬೇಕೆಂಬುದು ಮಾತ್ರ ನಿಮ್ಮ ಮನೆಯ ತೀರ್ಮಾನ. ನನ್ನ ಅಭಿಪ್ರಾಯ ಕೇಳಿದರೆ, ಕಳುಹಿಸಿ. ಅಪರೂಪಕ್ಕೆ ತಿಂದ ಒಂದು ಬರ್ಗರ್ ಅರಗಿ ಹೋಗುತ್ತದೆ. ಗೆಳೆಯರೆಲ್ಲ ಹೋದಾಗ ತಾನೊಬ್ಬನೇ ಮನೆಯಲ್ಲಿ ಉಳಿದ ಬೇಸರ ಅಷ್ಟು ಬೇಗ ಹೋಗುವುದಿಲ್ಲ.

ನನ್ನನ್ನು ಕಾಡುತ್ತಿರುವುದು ಆಮಂತ್ರಣದ ವಿಷಯ. ಕಾರ್ಡುಗಳು ತರಗತಿಯಲ್ಲೇ ಕೈಯಿಂದ ಕೈಗೆ ಹೋಗುತ್ತಿವೆ. ಮೂರನೇ ತರಗತಿಯ ಮಗುವೊಂದು ಪಕ್ಕದವಳ ಕಾರ್ಡನ್ನು ಇಸಿದುಕೊಂಡು, ತನ್ನ ಹೆಸರೂ ಇರಬಹುದೇನೋ ಎಂದು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದುದನ್ನು ಕಂಡೆ. ಆ ಹೋಟೆಲುಗಳಲ್ಲಿ ತಲೆಗಿಷ್ಟು ಎಂದು ದುಡ್ಡು. ನಲವತ್ತು ಮಕ್ಕಳನ್ನೂ ಕರೆಯುವುದು ಯಾರಿಗೂ ಸುಲಭವಲ್ಲ, ಹತ್ತು ಜನರನ್ನು ಕರೆದರೆ ತಪ್ಪೂ ಇಲ್ಲ. ಆದ್ದರಿಂದ ಸೋಮವಾರದಿಂದ ಶಾಲೆಯಲ್ಲಿ ಆಮಂತ್ರಣ ಹಂಚುವುದನ್ನು ನಿಲ್ಲಿಸುತ್ತಿದ್ದೇವೆ. ಫೋನ್ ಮಾಡಿ ಕರೆಯಿರಿ. ತರಗತಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಬೇಡಿ. ಪಾರ್ಟಿಯ ಫೋಟೊಗಳಿಗೂ ಇದೇ ಮಾತು.

"ಅವರು ಅಲ್ಲಿ ಮಾಡಿದರು, ನಮ್ಮವಳೂ ಹಠ ಹಿಡಿದಿದ್ದಾಳೆ" ಎಂದು ತಾಯಂದಿರು ನನ್ನ ಬಳಿ ಬಂದು ನೊಂದುಕೊಳ್ಳುತ್ತಾರೆ. ದಯವಿಟ್ಟು ಸಾಲ ಮಾಡಿ ಪಾರ್ಟಿ ಕೊಡಬೇಡಿ. ಮನೆಯ ಮಹಡಿಯ ಮೇಲೆ ಕೇಸರಿಬಾತ್, ಖಾರಾಬಾತ್ ಕೊಟ್ಟು ಆಡಲು ಬಿಟ್ಟರೂ ಮಕ್ಕಳು ಕುಣಿಯುತ್ತಾರೆ. ರಿಟರ್ನ್ ಗಿಫ್ಟ್ ಪೆನ್ಸಿಲ್ಲಿಗಿಂತ ಮೇಲೆ ಹೋಗದಿದ್ದರೆ ಎಲ್ಲರಿಗೂ ಹಗುರ.

ಪಾರ್ಟಿ ಕೊಡುವವರು ಯಾವ ಮಗು ಏನು ತಿನ್ನುವುದಿಲ್ಲವೆಂದು ಮೊದಲೇ ಕೇಳಿಕೊಳ್ಳಿ. ಕರಿದ ಮೇಲೆ ಕೋಳಿಯ ತುಂಡೂ ತರಕಾರಿಯ ತುಂಡೂ ನೋಡಲು ಒಂದೇ. ಮಾಂಸ ತಿನ್ನದ ಮನೆಯ ಮಗು, ಹಲಾಲ್ ಮಾತ್ರ ತಿನ್ನುವ ಮಗು, ಈರುಳ್ಳಿ ಬಿಟ್ಟ ಜೈನ ಮಗು, ಶನಿವಾರ ಮಾಂಸ ಮುಟ್ಟದ ಮಗು ಎಲ್ಲರೂ ಒಂದೇ ಮೇಜಿಗೆ ಕೂರುತ್ತಾರೆ. ಸಂಕೋಚಕ್ಕೆ ಬಾಯಿಬಿಡದೆ ತಿಂದು, ಮನೆಗೆ ಬಂದು ಅಳುತ್ತಾರೆ. ತಂಪು ಪಾನೀಯವನ್ನು ಬಿಟ್ಟರೆ ಒಳ್ಳೆಯದು: 300 ಮಿಲಿ ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ಮಜ್ಜಿಗೆ ಸಿಗದಿದ್ದರೆ ನೀರೇ ಸಾಕು.

ಎರಡನೇ ತರಗತಿಯವರೆಗಿನ ಮಕ್ಕಳನ್ನು ಬಿಟ್ಟು ಹೋಗಬೇಡಿ. ಜಾರುಬಂಡೆಯ ಬಳಿ ದೊಡ್ಡವರೊಬ್ಬರು ನಿಂತಿರಲಿ. ಕಡಲೆಕಾಯಿ, ಹಾಲು, ಮೊಟ್ಟೆಯಂಥವುಗಳ ಅಲರ್ಜಿ ಇದ್ದರೆ ಡೈರಿಯಲ್ಲಿ ಬರೆದು ಈ ವಾರವೇ ತರಗತಿಯ ಶಿಕ್ಷಕಿಗೆ ತಲುಪಿಸಿ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ