ವೆಬ್ ಆಪ್ ಮಾಡಿಸುವ ಮುನ್ನ ಸಂಘಗಳು ಕೇಳಬೇಕಾದದ್ದು

ಮಾನ್ಯ ಸಂಪಾದಕರೇ,

ಮಲೆನಾಡಿನ ಸಹಕಾರ ಸಂಘಗಳು, ಹೋಂಸ್ಟೇ ಮಾಲೀಕರು ತಮ್ಮದೇ ವೆಬ್ ಆಪ್ ಮಾಡಿಸಲು ಕೊಟೇಶನ್ ಕರೆಯುತ್ತಿದ್ದಾರೆ. ಒಳ್ಳೆಯದೇ. ಆದರೆ ಆ ಕಾಗದಗಳಲ್ಲಿ ಬಣ್ಣ, ಲೋಗೊ, ಸ್ಲೈಡರ್ ಚಿತ್ರಗಳ ವಿವರ ಇರುತ್ತದೆಯೇ ಹೊರತು ಸಿಗ್ನಲ್ ಇಲ್ಲದಾಗ ಆಪ್ ಏನು ಮಾಡಬೇಕು ಎಂಬ ಒಂದು ಸಾಲೂ ಸಿಗುವುದಿಲ್ಲ. ಡೆಮೊ ನಡೆಯುವುದು ಶಿವಮೊಗ್ಗದ ಕಚೇರಿಯ ವೈಫೈನಲ್ಲಿ. ಬಳಕೆಯಾಗುವುದು ಹೊಸನಗರದ ಒಳಹಳ್ಳಿಗಳಲ್ಲಿ, ಆಗುಂಬೆಯ ಮಳೆಯಲ್ಲಿ, ಕರೆಂಟ್ ಹೋಗಿ ಟವರಿನ ಬ್ಯಾಟರಿಯೂ ಇಳಿದ ಹೊತ್ತಿನಲ್ಲಿ. ಆದ್ದರಿಂದ ವರ್ಕ್ ಆರ್ಡರ್‌ಗೆ ಸಹಿ ಹಾಕುವ ನಿರ್ದೇಶಕರ ಗಮನಕ್ಕೆ ಈ ಪತ್ರ.

ಮೊದಲನೆಯದು ಬಿಳಿ ಪುಟದ ಕಾಟ. ಈಗಿನ ಎಷ್ಟೋ ಆಪ್‌ಗಳಲ್ಲಿ ಸರ್ವರ್‌ನಿಂದ ಬರುವ ಎಚ್‌ಟಿಎಂಎಲ್ ಎಂಬ ಪುಟದ ಮೂಲ ಬರಹ ಬರೀ ಖಾಲಿ ಚೌಕಟ್ಟು. ಜಾವಾಸ್ಕ್ರಿಪ್ಟ್ ಎಂಬ ಕೋಡ್ ಪೂರ್ತಿ ಇಳಿದು, ಓಡಿ, ಮತ್ತೆ ಸರ್ವರ್‌ಗೆ ಹೋಗಿ ಮಾಹಿತಿ ತಂದ ಮೇಲಷ್ಟೇ ಅಕ್ಷರ ಕಾಣುವುದು. ಕಂಪ್ರೆಸ್ ಆದ ಮೇಲೂ 500 ಕೆಬಿ ತೂಗುವ ಕೋಡ್, ಸೆಕೆಂಡಿಗೆ 100 ಕಿಲೋಬಿಟ್ ವೇಗದಲ್ಲಿ ಇಳಿಯಲು 40 ಸೆಕೆಂಡ್ ಬೇಕು. ಅಡಿಕೆಯ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ನಾಲ್ಕು ಸಾಲಿನ ಧಾರಣೆ ನೋಡಲು ಇಷ್ಟೆಲ್ಲ ಯಾಕೆ? ಆ ಕೋಷ್ಟಕವನ್ನು ಸರ್ವರ್‌ನಲ್ಲೇ ಸಿದ್ಧ ಮಾಡಿ ಕಳಿಸಲಿ. ಟಿಸಿಪಿ (ಇಂಟರ್ನೆಟ್ಟಿನಲ್ಲಿ ಮಾಹಿತಿ ಸಾಗಿಸುವ ವಿಧಾನ) ಸಂಪರ್ಕ ಸಾಮಾನ್ಯವಾಗಿ ಮೊದಲ ಸುತ್ತಿನಲ್ಲಿ 10 ಪ್ಯಾಕೆಟ್ (ಮಾಹಿತಿಯ ತುಣುಕು), ಅಂದರೆ ಸುಮಾರು 14 ಕೆಬಿ ಕಳಿಸಿ ಆಚೆಯ ಉತ್ತರಕ್ಕೆ ಕಾಯುತ್ತದೆ. ಧಾರಣೆಯ ಪುಟ ಅಷ್ಟರೊಳಗೆ ಹಿಡಿಸಿದರೆ ಒಂದೇ ಸುತ್ತಿಗೆ ಕೆಲಸ ಮುಗಿಯಿತು. ಇದಕ್ಕೆ ಪಿಎಚ್‌ಪಿ, ಜಾಂಗೊದಂಥ ಸರ್ವರ್ ಉಪಕರಣಗಳು ಧಾರಾಳವಾಗಿ ಸಾಕು. ಬ್ರೌಸರಿನಲ್ಲಿ ಪುಟ ಕಟ್ಟುವ ರಿಯಾಕ್ಟ್ ಬೇಕೇ ಬೇಕೆಂದರೂ ಅಡ್ಡಿಯಿಲ್ಲ, ಅದರ ಮೇಲೆ ಕಟ್ಟಿದ ನೆಕ್ಸ್ಟ್ ಜೆಎಸ್‌ನಲ್ಲಿ ಸರ್ವರ್ ರೆಂಡರಿಂಗ್ (ಪುಟವನ್ನು ಸರ್ವರ್‌ನಲ್ಲೇ ಸಿದ್ಧ ಮಾಡುವುದು) ಇದೆ. ಅದನ್ನು ಬಳಸಬೇಕೆಂದು ಕರಾರಿನಲ್ಲಿ ಬರೆಸಿ.

ಇದಕ್ಕಿಂತ ದೊಡ್ಡ ತಲೆನೋವು ಫಾರಂಗಳದ್ದು. ಕೊಳೆರೋಗದ ಔಷಧಿ ಹೊಡೆಸಲು ರೈತರೊಬ್ಬರು 25 ಕಿಲೋ ಮೈಲುತುತ್ತ ಬುಕ್ ಮಾಡುತ್ತಾರೆ ಎನ್ನಿ. ‘ಸಲ್ಲಿಸಿ’ ಒತ್ತಿದರು. ಬೇಡಿಕೆ ಸರ್ವರ್ ತಲುಪಿ ದಾಖಲಾಯಿತು, ವಾಪಸ್ ಬರಬೇಕಿದ್ದ ಉತ್ತರ ಮಾತ್ರ ದಾರಿಯಲ್ಲೇ ಕಳೆದುಹೋಯಿತು. ಪರದೆಯಲ್ಲಿ ಚಕ್ರ ತಿರುಗುತ್ತಲೇ ಇದೆ. ಮತ್ತೊಮ್ಮೆ ಒತ್ತಿದರು. ಗೋದಾಮಿನ ಪಟ್ಟಿಯಲ್ಲಿ 50 ಕಿಲೋ! ಒಮ್ಮೆ ಒತ್ತಿದ ಬಟನ್ ಮತ್ತೆ ಒತ್ತಲಾಗದಂತೆ ಮಾಡುವುದು ಇದಕ್ಕೆ ಮದ್ದಲ್ಲ. ಪುಟ ರಿಫ್ರೆಶ್ ಮಾಡಿದರೆ ಅದು ಮತ್ತೆ ಕೆಲಸ ಮಾಡುತ್ತದೆ. ಫಾರಂ ತೆರೆದಾಗಲೇ ಬ್ರೌಸರ್ ಒಂದು ಯುಯುಐಡಿ (ಮರುಕಳಿಸದ ಗುರುತಿನ ಸಂಖ್ಯೆ) ಹುಟ್ಟಿಸಿ, ತುಂಬಿದ ವಿವರಗಳ ಜೊತೆ ಇಂಡೆಕ್ಸ್ಡ್ ಡಿಬಿ ಎಂಬ ಬ್ರೌಸರಿನ ಸಂಗ್ರಹದಲ್ಲಿ ಇಟ್ಟುಕೊಳ್ಳಬೇಕು. ಎಷ್ಟು ಸಲ ಕಳಿಸಿದರೂ ಅದೇ ಐಡಿ ಹೋಗಬೇಕು. ಎರಡನೇ ಸಲ ಬಂದರೆ ಸರ್ವರ್ ಹೊಸ ದಾಖಲೆ ಮಾಡದೆ ಮೊದಲಿನ ರಸೀದಿಯನ್ನೇ ಕೊಡಬೇಕು. ರಸೀದಿ ಕೈಸೇರಿದ ಮೇಲಷ್ಟೇ ಬ್ರೌಸರ್ ಆ ಐಡಿಯನ್ನು ಬಿಡಬೇಕು. ‘ಮೊದಲೇ ಇದೆಯೇ ನೋಡು, ಇಲ್ಲದಿದ್ದರೆ ಸೇರಿಸು’ ಎಂದು ಕೋಡಿನಲ್ಲಿ ಮಾತ್ರ ಬರೆದರೆ ಎರಡು ಬೇಡಿಕೆ ಒಟ್ಟೊಟ್ಟಿಗೆ ಬಂದಾಗ ಎರಡೂ ನುಸುಳುತ್ತವೆ. ಡೇಟಾಬೇಸ್‌ನ ಐಡಿಯ ಕಾಲಂಗೇ, ಒಂದೇ ಐಡಿ ಎರಡು ಸಲ ಸೇರಲು ಬಿಡದ ಯೂನಿಕ್ ಇಂಡೆಕ್ಸ್ ಇರಬೇಕು.

ಬ್ರೌಸರ್ ಕೊಡುವ ‘ಆನ್‌ಲೈನ್’ ಸೂಚನೆಯನ್ನೂ ನಂಬುವಂತಿಲ್ಲ. ಫೋನ್ ಯಾವುದೋ ನೆಟ್‌ವರ್ಕಿಗೆ ಸೇರಿದೆ ಎಂದಷ್ಟೇ ಅದು ಹೇಳುವುದು, ಡೇಟಾ ಹರಿಯುತ್ತಿದೆ ಎಂದಲ್ಲ. ಪ್ರತಿ ಬೇಡಿಕೆಗೂ 20 ಸೆಕೆಂಡಿನಂತೆ ಗಡುವಿಟ್ಟು, ಮೀರಿದರೆ ‘ಕಳಿಸಲು ಬಾಕಿ: 1’ ಎಂದು ಪರದೆಯಲ್ಲೇ ತೋರಿಸಲಿ. ತಾನಾಗಿ ಮತ್ತೆ ಕಳಿಸುವ ಬ್ಯಾಕ್‌ಗ್ರೌಂಡ್ ಸಿಂಕ್ ಆಂಡ್ರಾಯ್ಡ್‌ನ ಕ್ರೋಮ್‌ನಲ್ಲಿದೆ, ಸಫಾರಿಯಲ್ಲಿಲ್ಲ. ಹಾಗಾಗಿ ಆಪ್ ತೆರೆದಾಗಲೂ ಬಾಕಿಯನ್ನು ಕಳಿಸುವ ವ್ಯವಸ್ಥೆ ಬೇಕು. ತೋಟದ ಫೋಟೊ ಇದ್ದರೆ ಫೋನಿನಲ್ಲೇ 1280 ಪಿಕ್ಸೆಲ್ ಅಗಲಕ್ಕೆ ಇಳಿಸಿ ಕಳಿಸಲಿ.

ಸರ್ವಿಸ್ ವರ್ಕರ್ (ಪುಟವನ್ನು ಫೋನಿನಲ್ಲೇ ಉಳಿಸಿಡಬಲ್ಲ, ಬ್ರೌಸರಿನ ಹಿನ್ನೆಲೆ ಕೋಡ್) ಹಾಕಿಸಿದರೆ ನೆಟ್‌ವರ್ಕ್ ಇಲ್ಲದೆಯೂ ಪುಟ ತೆರೆಯುತ್ತದೆ. ಅದಕ್ಕೆ ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಕಡ್ಡಾಯ. ಫಾಂಟು, ಲೋಗೊ ಮೊದಲು ಫೋನಿನಲ್ಲಿ ಉಳಿಸಿಟ್ಟ ಪ್ರತಿಯಿಂದ, ಅಂದರೆ ಕ್ಯಾಶ್‌ನಿಂದ ಬರಲಿ, ಧಾರಣೆ ಮೊದಲು ನೆಟ್‌ವರ್ಕಿನಿಂದ. ಕ್ಯಾಶ್‌ನದ್ದೇ ತೋರಿಸಬೇಕಾಗಿ ಬಂದಾಗ ಅದು ಎಂದಿನ, ಎಷ್ಟು ಗಂಟೆಯ ಧಾರಣೆ ಎಂದು ಅಂಕಿಯ ಪಕ್ಕದಲ್ಲೇ ಇರಲಿ. ಮೊನ್ನೆಯ ದರವನ್ನು ಇಂದಿನದೆಂದು ನಂಬಿ ಅಡಿಕೆ ಲೋಡ್ ಮಾಡಿಸಿದರೆ ನಷ್ಟ ಯಾರಿಗೆ?

ಕನ್ನಡದ್ದೇ ಕೆಲವು ತೊಡಕುಗಳಿವೆ, ಹೊರಗಿನ ಡೆವಲಪರ್‌ಗಳಿಗೆ ಇವು ತಿಳಿದಿರುವುದು ಅಪರೂಪ. ‘ತೀರ್ಥಹಳ್ಳಿ’ಯನ್ನೇ ನೋಡಿ. ಅಕ್ಷರಗಳ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಇದು 10 ಸಂಕೇತ, ಅದನ್ನು ಉಳಿಸುವ ಯುಟಿಎಫ್-8 ರೂಪದಲ್ಲಿ 30 ಬೈಟ್. ಕಾಲಂನ ಮಿತಿ 20 ಬೈಟ್ ಇದ್ದರೆ ಊರಿನ ಹೆಸರು ಅರ್ಧಕ್ಕೇ ನಿಲ್ಲುತ್ತದೆ. ‘ತೀ’ಯ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು; ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹುಡುಕಿದರೆ ಸದಸ್ಯರ ಹೆಸರೇ ಸಿಗುವುದಿಲ್ಲ. ಉಳಿಸುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ ಎಂಬ ಒಂದೇ ಮಾದರಿ ರೂಪಕ್ಕೆ ತಂದರೆ ಇದು ಸರಿಹೋಗುತ್ತದೆ. ಹಳೆಯ ‘ನುಡಿ’ (ಕನ್ನಡ ಬರೆಯುವ ತಂತ್ರಾಂಶ) ಕಡತಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಹಳೆಯ ಸದಸ್ಯರ ಪಟ್ಟಿ ಪರಿವರ್ತಿಸಿದ ಮೇಲೆ ಅರ್ಕಾವತ್ತಿರುವ ಹೆಸರುಗಳನ್ನಾದರೂ ಸಂಘದ ಗುಮಾಸ್ತರು ಕಣ್ಣಾಡಿಸಿ ನೋಡಲಿ.

ಕೊನೆಯ ಕಂತು ಕೊಡುವ ಮುನ್ನ ಎರಡು ಪರೀಕ್ಷೆ ನಿಮ್ಮೆದುರೇ ಆಗಲಿ. ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬಿನಲ್ಲಿ ‘ಡಿಸೇಬಲ್ ಕ್ಯಾಶ್’ ಟಿಕ್ ಮಾಡಿ, ವೇಗ 100 ಕೆಬಿಪಿಎಸ್, ಲೇಟೆನ್ಸಿ (ಉತ್ತರದ ವಿಳಂಬ) 600 ಮಿಲಿಸೆಕೆಂಡ್ ಇಟ್ಟು ಧಾರಣೆ ಪುಟ ತೆರೆಯಿರಿ. 5 ಸೆಕೆಂಡಿನಲ್ಲಿ ಅಂಕಿ ಕಾಣಬೇಕು. ಎರಡನೆಯದಕ್ಕೆ, ದಾಖಲಾದ ಮೇಲೆ ಉತ್ತರ ಕೊಡುವ ಮುನ್ನ ಸರ್ವರ್ 10 ಸೆಕೆಂಡ್ ಸುಮ್ಮನಿರುವಂತೆ ತಾತ್ಕಾಲಿಕವಾಗಿ ಬದಲಿಸಲು ಹೇಳಿ. ಫೋನಿನಲ್ಲಿ ‘ಸಲ್ಲಿಸಿ’ ಒತ್ತಿ, ಎರಡು ಮೂರು ಸೆಕೆಂಡ್ ಬಿಟ್ಟು ಏರೋಪ್ಲೇನ್ ಮೋಡ್ ಹಾಕಿ. ಅದನ್ನು ತೆಗೆದು ಮತ್ತೆ ಸಲ್ಲಿಸಿದಾಗ ಪಟ್ಟಿಯಲ್ಲಿ ಒಂದೇ ದಾಖಲೆ ಇರಬೇಕು.

ಡೊಮೇನ್ ಮತ್ತು ಸರ್ವರ್ ಖಾತೆ ಸಂಘದ ಹೆಸರಿನಲ್ಲೇ ಇರಲಿ. ಮೂಲ ಕೋಡನ್ನು ಗಿಟ್ ಇತಿಹಾಸದ (ಕೋಡಿನ ಬದಲಾವಣೆಗಳ ದಾಖಲೆ) ಸಮೇತ ಪಡೆದುಕೊಳ್ಳಿ.

– ವೆಬ್ ತಂತ್ರಾಂಶ ವೃತ್ತಿಯವರು, ಶಿವಮೊಗ್ಗ